ಚಂದ್ರಪ್ರಭಾ ಬಸ್ಸಿನ ನೆಲ

ಹಡಗಿನ ಏಣಿಯ ಕೊನೆಯ ಮೆಟ್ಟಿಲು ಇಳಿದು ಬಂದರಿನ ಕಲ್ಲುಹಾಸಿನ ಮೇಲೆ ಕಾಲಿಟ್ಟರೆ ಕಾಲು ನೆಲಕ್ಕೆ ತಾಗಲಿಲ್ಲ. ಒಂದು ಗೇಣು ಮೇಲೆಯೇ ನಿಂತುಬಿಟ್ಟಿತು. ಹೀಗಾಗುತ್ತದೆ ಎಂದು ನಮ್ಮನ್ನು ಕಳಿಸಿಕೊಟ್ಟ ಏಜೆಂಟರು ಮೊದಲೇ ಹೇಳಿದ್ದರು. ಆದರೆ ಕೇಳಿ ತಿಳಿಯುವುದೇ ಬೇರೆ, ಸ್ವತಃ ಹಾಗೆ ನಿಲ್ಲುವುದೇ ಬೇರೆ. ನಾನು ಗಂಡನ ಭುಜ ಹಿಡಿದುಕೊಂಡೆ. ಅವರೂ ಒಂದು ಗೇಣು ಮೇಲಿದ್ದರು, ಅವರು ನನ್ನ ಕೈ ಹಿಡಿದುಕೊಂಡರು. ಸಮುದ್ರದ ಗಾಳಿಗೆ ನಾವಿಬ್ಬರೂ ನೀರಿನಲ್ಲಿ ಬಿದ್ದ ತೆಂಗಿನಕಾಯಿಗಳ ಹಾಗೆ ಅಲ್ಲಿಂದಿಲ್ಲಿಗೆ ಸರಿದೆವು. ನನಗೆ ನಗು ಉಕ್ಕಿ ಬರುತ್ತಿತ್ತು.

"ನಗಬೇಡ ಸುಗಂಧಿ. ಜನ ನೋಡ್ತಾರೆ," ಎಂದರು ನನ್ನ ಗಂಡ ಲೋಕಯ್ಯ. ಅವರ ಕಣ್ಣು ಮಾತ್ರ ಮೇಲೆ ಕ್ರೇನಿನಲ್ಲಿ ತೂಗುತ್ತಿದ್ದ ನಮ್ಮ ಬಸ್ಸಿನ ಮೇಲಿತ್ತು. ಹಳದಿ ಬಣ್ಣ, ಹಣೆಯ ಮೇಲೆ ಕೆಂಪು ಅಕ್ಷರದಲ್ಲಿ ಚಂದ್ರಪ್ರಭಾ. ಅದು ಬಂದರಿನ ಕಲ್ಲಿನ ಮೇಲೆ ಇಳಿದು, ಚಕ್ರ ಒಮ್ಮೆ ಕುಪ್ಪಳಿಸಿ ನಿಂತಾಗ ಅವರು ಉಸಿರು ಬಿಟ್ಟರು.

ನಮ್ಮ ಊರಿನಲ್ಲಿ ಲೋಕಯ್ಯ ಅರ್ಧ ಆಯುಷ್ಯ ಬೇರೆಯವರ ಬಸ್ಸು ಓಡಿಸಿ, ಕೊನೆಗೆ ಇದೊಂದನ್ನು ಸ್ವಂತಕ್ಕೆ ಕೊಂಡವರು. ನಮಗೆ ಮಕ್ಕಳಿಲ್ಲ. ಭಾನುವಾರ ಬಂದರೆ ಗಂಡ ಹೆಂಡತಿ ಸೇರಿ ಬಸ್ಸು ತೊಳೆಯುವುದೇ ನಮ್ಮ ಮನೆಯ ಸಂಭ್ರಮ. ಹಾಗಿರುವಾಗ ಹೊಸ ಹೆದ್ದಾರಿ ಬಂತು. ಅದು ನಮ್ಮ ರೂಟಿನ ಊರುಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ನೇರವಾಗಿ ಹೋಯಿತು. ಹೆದ್ದಾರಿಯಲ್ಲಿ ದೊಡ್ಡ ಕಂಪನಿಯ ಬಸ್ಸುಗಳು, ಹಳೆಯ ರಸ್ತೆಯಲ್ಲಿ ನಾವು ಮತ್ತು ದನಗಳು. ಆಗ ಒಬ್ಬ ಏಜೆಂಟರು ಮನೆಗೆ ಬಂದರು. ಸಮುದ್ರದ ಆಚೆ ಒಂದು ಊರುಂಟು, ಹೂಡಿಕೆ ವೀಸಾ ಕೊಡುತ್ತಾರೆ, ಅಲ್ಲಿ ಇಲ್ಲದ ಒಂದು ಉದ್ಯೋಗ ಶುರು ಮಾಡಬೇಕು, ಅದನ್ನು ಊರಿನ ಜನ ಉಪಯೋಗಿಸಬೇಕು, ಎರಡು ವರ್ಷದೊಳಗೆ ಕಾಲು ನೆಲಕ್ಕೆ ಊರಬೇಕು. ಊರಿದರೆ ಸಾಯುವ ತನಕ ಅಲ್ಲಿಯವರು. ಊರದಿದ್ದರೆ ವಾಪಸ್ಸು ಹಡಗು. "ಅಲ್ಲಿ ಬಸ್ಸುಂಟಾ?" ಎಂದು ಲೋಕಯ್ಯ ಕೇಳಿದರು. ಬಸ್ಸು ಇಲ್ಲ ಎಂದರು ಏಜೆಂಟರು. ಮರುದಿನವೇ ನಾವು ಮನೆ ಮಾರಲು ಜನ ಹುಡುಕಿದೆವು.

ಆ ಊರು ಒಂದು ಗುಡ್ಡ. ಬುಡದಲ್ಲಿ ಬಂದರು ಮತ್ತು ಕೆಳಪೇಟೆ, ತುದಿಯಲ್ಲಿ ಮೇಲ್ಪೇಟೆ. ನಡುವೆ ನೇರವಾಗಿ ಕಲ್ಲಿನ ಮೆಟ್ಟಿಲುಗಳು, ಪಕ್ಕದಿಂದ ಸುತ್ತು ಸುತ್ತಾಗಿ ಏರುವ ಗಾಡಿರಸ್ತೆ. ಸಾಮಾನು ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತು, ಜನ ನಡೆಯುತ್ತಿದ್ದರು. ಅಲ್ಲೇ ಹುಟ್ಟಿದವರನ್ನು ನೆಲದವರು ಎಂದೂ ನಮ್ಮಂಥವರನ್ನು ಗೇಣಿನವರು ಎಂದೂ ಕರೆಯುತ್ತಿದ್ದರು. ಬೈಗುಳವೇನಲ್ಲ, ಎತ್ತರದವರು ಕುಳ್ಳರು ಎಂದ ಹಾಗೆ. ಗೇಣಿನವರಿಗಾಗಿ ಬೀದಿಯ ಗೋಡೆಗಳಿಗೆ ಹಗ್ಗ ಕಟ್ಟಿದ್ದರು, ಗಾಳಿ ಎದ್ದರೆ ಹಿಡಿದುಕೊಳ್ಳಲು. ಕೆಲವರು ಗೇಣೆತ್ತರದ ಮರದ ಪಾದುಕೆ ಕಟ್ಟಿಕೊಂಡು ಟಕ್ ಟಕ್ ಎಂದು ನಡೆಯುತ್ತಿದ್ದರು. ಮನೆಯೊಳಗೂ ಹಾಗೆಯೇ. ಆ ಊರಿನದ್ದಲ್ಲದ ವಸ್ತುಗಳ ಮೇಲೆ ಮಾತ್ರ ನಮ್ಮ ಕಾಲು ಊರುತ್ತಿತ್ತು. ನಮ್ಮ ಊರಿನಿಂದ ತಂದ ಒಂದು ಚಾಪೆಯನ್ನು ನಾನು ಒಲೆಯ ಮುಂದೆ ಹಾಸಿಕೊಂಡಿದ್ದೆ. ಅದರ ಮೇಲೆ ನಿಂತು ಅಡುಗೆ ಮಾಡುವಾಗ ಮಾತ್ರ ಸೊಂಟಕ್ಕೆ ಸ್ವಲ್ಪ ಸುಖ.

ಹಾಗಾದರೆ ಚಂದ್ರಪ್ರಭಾ ನಮಗೆ ಏನಾಗಿತ್ತು ಎಂದು ಯೋಚಿಸಿ. ಅದು ಬರೀ ಬಸ್ಸಲ್ಲ. ಇಡೀ ಊರಿನಲ್ಲಿ ಗೇಣಿನವರು ಕಾಲೂರಿ ನಿಲ್ಲಬಹುದಾದ ಅಷ್ಟು ದೊಡ್ಡ ಜಾಗ ಇನ್ನೊಂದಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಲೋಕಯ್ಯ ಹಾರ್ನ್ ಹೊಡೆದಾಗ, ಕೊರಳಿಗೆ ಸೀಟಿ, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಕಂಡಕ್ಟರಾಗಿ ಫುಟ್‌ಬೋರ್ಡಿನ ಮೇಲೆ ನಿಂತಿದ್ದವಳು ನಾನು. ನಮ್ಮ ಊರಿನಲ್ಲಿ ಎಂದೂ ಮಾಡದ ಕೆಲಸ. "ಮೇಲ್ಪೇಟೆ, ಮೇಲ್ಪೇಟೆ" ಎಂದು ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಜೋರಾಗಿತ್ತು. ಬೀದಿ ಬೀದಿಯಿಂದ ಗೇಣಿನವರು ಹಗ್ಗ ಹಿಡಿದು ತೇಲುತ್ತ ಬಂದರು. ಒಳಗೆ ಕಾಲಿಟ್ಟವರು ಅಲ್ಲಿಯೇ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸೀಟು ಖಾಲಿಯಿದ್ದರೂ ಒಬ್ಬರೂ ಕೂರಲಿಲ್ಲ. ಎಲ್ಲರೂ ನಿಂತೇ ಗುಡ್ಡ ಹತ್ತಿ, ನಿಂತೇ ಇಳಿದು, ಮತ್ತೆ ಟಿಕೆಟ್ ಕೇಳಿದರು. ನಮ್ಮ ಸಂತೋಷ ಹೇಳಿ ಮುಗಿಯುವುದಲ್ಲ.

ವರ್ಷ ಕಳೆಯಿತು. ಬಸ್ಸು ದಿನವೂ ತುಂಬುತ್ತಿತ್ತು, ನಮ್ಮ ಕಾಲು ಮಾತ್ರ ಗೇಣಿನಿಂದ ಒಂದು ಎಳೆಯೂ ಇಳಿಯಲಿಲ್ಲ. ವಸತಿ ಕಚೇರಿಯ ಅಧಿಕಾರಿ ತಾಮರ್ ಸಾಹೇಬರು ಆಗಾಗ ಬಂದು ನೋಡುತ್ತಿದ್ದರು. ಅವರ ಕೈಯಲ್ಲಿ ಒಂದು ತೆಳು ಬೆತ್ತ. ಪಾದುಕೆ ಬಿಚ್ಚಿಸಿ, ಅಂಗಾಲಿನ ಕೆಳಗೆ ಈ ಕಡೆಯಿಂದ ಆ ಕಡೆಗೆ ಬೆತ್ತ ಹಾಯಿಸುವುದೇ ಅವರ ಪರೀಕ್ಷೆ. ತಡೆದರೆ ಪಾಸು. ನಮ್ಮ ಕಾಲಿನ ಕೆಳಗೆ ಅದು ಗಾಳಿಯಲ್ಲಿ ಬೀಸಿದ ಹಾಗೆ ಹೋಗುತ್ತಿತ್ತು.

"ನಿಮ್ಮ ಬಸ್ಸಿಗೆ ನೆಲದವರು ಒಬ್ಬರೂ ಹತ್ತಿದ್ದು ನಾನು ನೋಡಿಲ್ಲ ಲೋಕಯ್ಯನವರೇ," ಎಂದರು ಅವರು ಒಂದು ದಿನ. ಅವರ ಭಾಷೆ ಬೇರೆ, ಅಷ್ಟರಲ್ಲಿ ನಾವು ಕಲಿತಿದ್ದೆವು. ಇಲ್ಲಿ ಎಲ್ಲವನ್ನೂ ನಮ್ಮ ಮಾತಿನಲ್ಲಿಯೇ ಹೇಳುತ್ತಿದ್ದೇನೆ. "ಉದ್ಯೋಗ ಊರಿಗೆ ಆಗ್ಬೇಕು. ಗೇಣಿನವರು ಗೇಣಿನವರಿಗೇ ಮಾಡಿಕೊಂಡ್ರೆ ಅದು ಹೂಡಿಕೆ ಅಂತ ಹೇಗೆ ಹೇಳುದು?"

"ಅವರು ಹತ್ತುದಿಲ್ಲ ಸಾಹೇಬ್ರೆ. ನೀವೇ ಹತ್ತಿ ನೋಡಿ," ಎಂದರು ಲೋಕಯ್ಯ.

ತಾಮರ್ ಸಾಹೇಬರು ಬಸ್ಸಿನ ಫುಟ್‌ಬೋರ್ಡನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಅಲ್ಲಿಂದಲೇ ತಿರುಗಿ ಹೋದರು.

ಕಾರಣ ನನಗೆ ಹೇಳಿದವರು ಎಲಿಮಜ್ಜಿ. ನಮ್ಮ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಗೋಣಿ ಹಾಸಿ ಒಣಮೀನು ಮಾರುತ್ತಿದ್ದ ಮುದುಕಿ, ಬಾಯಿ ಬಹಳ ಜೋರು. ಮೇಲ್ಪೇಟೆಯಲ್ಲಿ ಅವರ ಅಕ್ಕ ಸೊರಾನಾ ಇದ್ದರು. ಇಬ್ಬರಿಗೂ ಮಂಡಿ ಹೋಗಿ, ಮೆಟ್ಟಿಲು ಹತ್ತಿ ಇಳಿಯುವುದು ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಎಷ್ಟೋ ವರ್ಷ ಆಗಿತ್ತು. ಆದರೆ ಜಗಳ ನಿಂತಿರಲಿಲ್ಲ. ಮೆಟ್ಟಿಲು ಹತ್ತುವವರ ಹತ್ತಿರ ಇವರು ಒಂದು ಮಾತು ಕಳಿಸುವುದು, ಇಳಿಯುವವರ ಹತ್ತಿರ ಅವರು ಒಂದು ಕಳಿಸುವುದು. ಬಸ್ಸು ಬಂದ ಮೇಲೆ ಆ ಕೆಲಸ ನನಗೆ ಬಂತು.

"ಅವಳಿಗೆ ಹೇಳು, ಅಮ್ಮನ ತಾಮ್ರದ ಚೆರಿಗೆ ನನ್ನದು," ಎನ್ನುತ್ತಿದ್ದರು ಎಲಿಮಜ್ಜಿ.

ಮೇಲೆ ಹೋಗಿ ಹೇಳಿದರೆ ಸೊರಾನಜ್ಜಿ ಬಾಗಿಲಲ್ಲಿ ಕೂತು, "ಬಂದು ತಕ್ಕೊಂಡು ಹೋಗ್ಲಿ, ಯಾರು ಬೇಡ ಹೇಳಿದ್ದು?" ಎನ್ನುತ್ತಿದ್ದರು.

ಒಂದು ದಿನ ಸೊರಾನಜ್ಜಿ ಚೆರಿಗೆಯ ಮಾತು ಎತ್ತಲಿಲ್ಲ. ನನ್ನ ಮುಖವನ್ನು ಎರಡೂ ಕೈಯಿಂದ ತಡವಿ ಯಾರು ಎಂದು ತಿಳಿದುಕೊಂಡರು. "ಕಣ್ಣು ಮಂಜಾಗ್ತಾ ಉಂಟು ಮಗಾ. ಹಗಲಿಗೆ ನೆರಳು ಮಾತ್ರ ಕಾಣ್ತದೆ. ಪೂರಾ ಹೋಗುವ ಮೊದಲು ಅವಳೊಮ್ಮೆ ಬರ್ಲಿ ಅಂತ ಹೇಳು," ಎಂದರು.

ಕೆಳಗೆ ಬಂದು ಹೇಳಿದೆ. ಎಲಿಮಜ್ಜಿ ಮೀನಿನ ಮೇಲಿನ ನೊಣ ಓಡಿಸುವುದನ್ನು ನಿಲ್ಲಿಸಿದರು.

"ಬಸ್ಸುಂಟಲ್ಲ ಅಜ್ಜಿ. ಕಾಲು ಗಂಟೆಯ ದಾರಿ. ನಾನು ಕೈ ಹಿಡ್ದು ಹತ್ತಿಸ್ತೇನೆ," ಎಂದೆ.

"ನಿನಗೆ ಗೊತ್ತಿಲ್ಲ," ಎಂದರು ಅವರು. "ನನ್ನ ತಮ್ಮ ಒಬ್ಬ ಇದ್ದ. ಹಟ ಮಾಡಿ ಹಡಗು ಹತ್ತಿದ. ವಾಪಸ್ಸು ಬಂದಾಗ ಗೇಣು ಮೇಲೆ ನಿಂತಿದ್ದ. ಹುಟ್ಟಿದ ಮನೆಯ ಜಗಲಿಯಲ್ಲಿ ಅವನ ಕಾಲು ಊರ್ಲಿಲ್ಲ. ಅಪ್ಪ ಅವನನ್ನು ಯಾರಪ್ಪಾ ನೀನು ಅಂತ ಕೇಳಿದ್ರು. ನಾವು ಈ ಊರಿನ ನೆಲದಿಂದ ಕಾಲು ತೆಗಿಯುದಿಲ್ಲ ಮಗಾ. ನಿಮ್ಮ ಬಸ್ಸಿಗೆ ಚಕ್ರ ಉಂಟು, ಕಿಟಕಿ ಉಂಟು, ಸೀಟು ಉಂಟು. ನೆಲ ಎಲ್ಲುಂಟು?"

ಆ ಮಾತು ಕಿವಿಗೆ ಬಿದ್ದದ್ದೇ ನಾನು ಅವರ ಗೋಣಿಯ ಪಕ್ಕದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡೆ. ಕೆಂಪು ಮಣ್ಣು, ಕೈಗೆ ಬಿಸಿಯಾಗಿತ್ತು.

"ನೆಲ ತಂದು ಹಾಕಿದ್ರೆ ಬರ್ತೀರಾ?"

"ನೆಲ ತರ್ಲಿಕ್ಕೆ ಆಗ್ತದಾ?"

"ಬುಟ್ಟಿಯಲ್ಲಿ ತರ್ಲಿಕ್ಕೆ ಆಗ್ತದೆ."

ಅಜ್ಜಿ ನನ್ನ ಕೈಯ ಮಣ್ಣನ್ನೂ ಬಸ್ಸನ್ನೂ ಬಹಳ ಹೊತ್ತು ನೋಡಿದರು. "ದಪ್ಪ ಹಾಕ್ಬೇಕು," ಎಂದರು ಕೊನೆಗೆ. "ಧೂಳು ಚಿಮುಕಿಸಿದ ಹಾಗೆ ಅಲ್ಲ."

ನಾನು ಬಸ್ಸಿನ ಸುತ್ತ ಗಾಳಿಯಲ್ಲಿ ಓಡಿದೆ, ಓಡಿದ್ದೇ ಹೌದು, ಡ್ರೈವರ್ ಬಾಗಿಲಿನವರೆಗೆ. ಲೋಕಯ್ಯ ಸ್ಟೇರಿಂಗಿನ ಮೇಲೆ ಕೈಯಿಟ್ಟು, ಬರಿಗಾಲನ್ನು ಕೆಳಗಿನ ತಗಡಿನ ಮೇಲೆ ಊರಿ ಕೂತಿದ್ದರು. ದಿನದ ಕೆಲಸ ಮುಗಿದ ಮೇಲೂ ಅವರು ಹಾಗೆ ಕೂರುತ್ತಿದ್ದರು, ಮನೆಗೆ ಬರಲು ಮನಸ್ಸಿಲ್ಲದೆ. ನಾನು ಏದುಸಿರಿನಲ್ಲೇ ಎಲ್ಲ ಹೇಳಿದೆ.

"ಬಸ್ಸಿಗೆ ಮಣ್ಣು ತುಂಬುದಾ?" ಎಂದರು ಅವರು. "ನಾವಿಬ್ರೂ ಭಾನುವಾರ ಭಾನುವಾರ ತೊಳೆದ ಬಸ್ಸು."

"ಅವರು ಹತ್ತುತ್ತಾರೆ."

"ಇವರು ಇಳೀತಾರೆ. ನಮ್ಮವರು ಕಾಲೂರ್ಲಿಕ್ಕೆ ಅಂತ ಬರುದು. ಮಣ್ಣು ಹಾಕಿದ್ರೆ ಅವರಿಗೆ ಬಸ್ಸೂ ಒಂದೇ, ಬೀದಿಯೂ ಒಂದೇ." ತಗಡಿನ ಮೇಲೆ ಅಂಗಾಲು ಉಜ್ಜುತ್ತ ಮತ್ತೆ ಹೇಳಿದರು, "ನನಗೂ ಅಷ್ಟೇ. ಇಡೀ ಊರಲ್ಲಿ ಇದೊಂದು ಜಾಗ ನನಗೆ ಇರುದು ಸುಗಂಧಿ."

ಅದು ಸುಳ್ಳಲ್ಲ. ನನಗೂ ಗೊತ್ತಿತ್ತು. ಸೊರಾನಜ್ಜಿ ನನ್ನ ಮುಖ ತಡವಿದ ಸಂಗತಿಯನ್ನು ಮಾತ್ರ ಇನ್ನೊಮ್ಮೆ ಹೇಳಿದೆ. ಲೋಕಯ್ಯ ಕಿಟಕಿಯಿಂದ ಆಚೆ, ಮೀನಿನ ಮುಂದೆ ಕೂತಿದ್ದ ಎಲಿಮಜ್ಜಿಯನ್ನು ನೋಡಿದರು. "ಹಿಂದೆ ಹಾಕು," ಎಂದರು. "ನನ್ನ ಕಾಲಡಿಗೆ ಬೇಡ."

ಮರುದಿನ ಗುಡ್ಡದ ಬದಿಯಿಂದ ಬುಟ್ಟಿ ಬುಟ್ಟಿ ಮಣ್ಣು ತಂದು ಸುರಿದೆವು. ಸೀಟಿನ ಸಾಲುಗಳ ನಡುವೆ, ಸೀಟಿನ ಕೆಳಗೆ, ಫುಟ್‌ಬೋರ್ಡಿನ ಮೇಲೆ. ನೀರು ಚಿಮುಕಿಸಿ, ಅಂಗಳ ಮಾಡುವ ಹಾಗೆ ಹಲಗೆಯಿಂದ ಬಡಿದು ಗಟ್ಟಿ ಮಾಡಿದೆ. ನಮ್ಮ ಹಳೆಯ ಪ್ಯಾಸೆಂಜರುಗಳು ಬಂದು ಬಾಗಿಲಲ್ಲಿ ನಿಂತರು. ಐಸ್ ಫ್ಯಾಕ್ಟರಿ ಹಾಕಲು ಬಂದಿದ್ದ ಗೇಣಿನವರೊಬ್ಬರು, "ಎಂತ ಮಾರಾಯ್ರೆ, ಇದು ಬಸ್ಸಾ ಗದ್ದೆಯಾ?" ಎಂದು ಮುಖ ತಿರುಗಿಸಿ ಹೋದರು. ಅವರ ಹಿಂದೆ ಉಳಿದವರೂ ಹೋದರು. ಲೋಕಯ್ಯ ನನ್ನನ್ನು ನೋಡಿದರು. ನಾನು ನೋಡದವಳ ಹಾಗೆ ಸೀಟಿ ಒರೆಸಿಕೊಂಡೆ.

ಎಲಿಮಜ್ಜಿ ಒಗೆದ ಸೀರೆ ಉಟ್ಟು, ಒಂದು ಕಟ್ಟು ಒಣಮೀನು ಹಿಡಿದು ಬಂದರು. ಫುಟ್‌ಬೋರ್ಡಿನ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕೆಳಪೇಟೆಯ ಅರ್ಧ ಜನ ಅಂಗಡಿ ಬಿಟ್ಟು ಬಂದು ನಿಂತಿದ್ದರು. ಅಜ್ಜಿ ಒಂದು ಕಾಲಿಟ್ಟರು. ಆಮೇಲೆ ಇನ್ನೊಂದು. ಒಳಗೆ ಬಂದು ಮುಂದಿನ ಸೀಟಿನಲ್ಲಿ ಕೂತು, ಎರಡೂ ಪಾದವನ್ನು ಮಣ್ಣಿಗೆ ಒತ್ತಿ ಹಿಡಿದು, "ಬಿಡ್ಲಿಕ್ಕೆ ಹೇಳು ನಿನ್ನ ಗಂಡನಿಗೆ," ಎಂದರು.

ನಾನು "ರೈಟ್" ಎಂದೆ. ಬಸ್ಸು ಹೊರಟಿತು. ದಾರಿಯುದ್ದಕ್ಕೂ ಅಜ್ಜಿ ಕಿಟಕಿಯಿಂದ ಆಚೆ ಒಮ್ಮೆಯೂ ನೋಡಲಿಲ್ಲ, ಅವರ ಕಣ್ಣು ಅವರ ಪಾದದ ಮೇಲೆಯೇ ಇತ್ತು. ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತು ಬಿತ್ತು. ನಾನು ಆ ಮಣ್ಣಿನ ಮೇಲೆ ಗೇಣೆತ್ತರದಲ್ಲಿ ತೇಲುತ್ತ ಸರಳು ಹಿಡಿದು ನಿಂತಿದ್ದೆ. ಮೇಲ್ಪೇಟೆಯಲ್ಲಿ ಬಸ್ಸು ನಿಂತಾಗ ಅಲ್ಲಿಯೂ ಜನ ಸೇರಿದ್ದರು. ಅಜ್ಜಿ ಇಳಿದರು. ಎಲ್ಲರ ಕಣ್ಣೂ ಅವರ ಪಾದದ ಮೇಲೆ. ಪಾದ ನೆಲದ ಮೇಲೆ ಇತ್ತು, ಬೆರಳಿಗೆ ಧೂಳು ಹತ್ತಿತ್ತು. ಯಾರೋ ಒಬ್ಬರು ಜೋರಾಗಿ ಉಸಿರು ಬಿಟ್ಟರು.

ಸೊರಾನಜ್ಜಿ ಬಾಗಿಲಲ್ಲಿ ಕೂತಿದ್ದರು. ಮೀನಿನ ವಾಸನೆ ಹತ್ತಿರ ಬಂದಾಗ ತಲೆ ಎತ್ತಿ, "ಇಷ್ಟು ಹೊತ್ತು ಬೇಕಾಯ್ತಾ ನಿನಗೆ?" ಎಂದರು. ಎಲಿಮಜ್ಜಿ ಅವರ ಪಕ್ಕದಲ್ಲಿ ಕುಸಿದು ಕೂತು ಅವರ ಹೆಗಲ ಮೇಲೆ ಮುಖವಿಟ್ಟರು. ಆ ದಿನ ವಾಪಸ್ಸಿನ ಟ್ರಿಪ್ಪಿಗೆ ಎಲಿಮಜ್ಜಿ ಬರಲಿಲ್ಲ. ಬದಲಿಗೆ ಬೇರೆ ನೆಲದವರು ಬಂದರು. ಒಬ್ಬೊಬ್ಬರೂ ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡಿ ಹತ್ತಿದರು.

ಅಲ್ಲಿಂದ ಮುಂದೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಮಂಡಿ ನೋವಿನವರು, ಬಸುರಿಯರು, ಮೇಲ್ಪೇಟೆಗೆ ಹೆಣ್ಣು ಕೊಟ್ಟವರು, ಸುಮ್ಮನೆ ಒಂದು ಸುತ್ತು ಹೋಗಿ ಬರುವವರು. ಅಂಗಡಿಯವರು ಬಸ್ಸಿನ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯಲು ಶುರು ಮಾಡಿದರು. ಗೇಣಿನವರೂ ಒಬ್ಬೊಬ್ಬರಾಗಿ ವಾಪಸ್ಸು ಬಂದರು, ತೇಲಿಕೊಂಡಾದರೂ ಮೆಟ್ಟಿಲಿಗಿಂತ ಬಸ್ಸೇ ವಾಸಿ ಎಂದು. ಐಸ್ ಫ್ಯಾಕ್ಟರಿಯವರು ಮಾತ್ರ ಬರಲಿಲ್ಲ. ಅವರ ಎರಡು ವರ್ಷ ಮುಗಿದು ಹಡಗು ಹತ್ತಿದರೆಂದು ಆಮೇಲೆ ತಿಳಿಯಿತು.

ಮಳೆಗಾಲದ ಒಂದು ಬೆಳಿಗ್ಗೆ ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತಿತ್ತು. ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ. ನಾನು ಜನರ ನಡುವೆ ನುಗ್ಗಿ, "ಟಿಕೆಟ್, ಟಿಕೆಟ್, ಸ್ವಲ್ಪ ಒಳಗೆ ಹೋಗಿ" ಎನ್ನುತ್ತಿದ್ದೆ. ಒಂದು ತಿರುವಿನಲ್ಲಿ ಬಸ್ಸು ವಾಲಿತು. ಎಲ್ಲರೂ ಒಂದು ಕಡೆ ಬಂದರು. ಎಲಿಮಜ್ಜಿಯ ಹಿಮ್ಮಡಿ ನನ್ನ ಕಾಲಿನ ಮೇಲೆ ಬಿತ್ತು.

"ಅಯ್ಯೋ ಅಜ್ಜಿ, ನನ್ನ ಕಾಲು," ಎಂದು ಕಿರುಚಿದೆ.

"ಎಲ್ಲಿ ಇಡುದು ಮತ್ತೆ, ನಿನ್ನ ತಲೆ ಮೇಲಾ?" ಎಂದರು ಅಜ್ಜಿ. ಹೇಳಿದವರೇ ತಟ್ಟನೆ ಬಾಯಿ ಮುಚ್ಚಿಕೊಂಡರು. ಸುತ್ತಲಿನವರೂ ನನ್ನ ಕಾಲಿನ ಕಡೆ ತಿರುಗಿದರು. ಗೇಣು ಮೇಲಿರುವವಳ ಕಾಲನ್ನು ಯಾರು ಹೇಗೆ ತುಳಿದಾರು? ನಾನು ಬಗ್ಗಿ ನೋಡಿದೆ. ನನ್ನ ಎರಡೂ ಪಾದ ಒದ್ದೆ ಮಣ್ಣಿನಲ್ಲಿ ಊರಿತ್ತು. ಕಿರುಬೆರಳು ಕೆಂಪಾಗಿ ಉರಿಯುತ್ತಿತ್ತು. ಅಷ್ಟು ಚೆಂದದ ನೋವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಸೀಟಿ ಬಾಯಿಗಿಟ್ಟು ಉಸಿರಿರುವಷ್ಟು ಊದಿದೆ. ಮುಂದೆ ಲೋಕಯ್ಯ ಗಾಬರಿಯಿಂದ ಬಸ್ಸು ನಿಲ್ಲಿಸಿ, "ಎಂತ ಆಯ್ತು?" ಎಂದು ಕೂಗಿದರು. "ಕಾಲು ತುಳಿದ್ರು," ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೂತರು. ಹಿಂದಿನ ಗಾಡಿಯವರು ಬೈದ ಮೇಲೆ ಗೇರ್ ಹಾಕಿದರು.

ಮನೆಯಲ್ಲಿ ಈಗ ನಾನು ನೆಲದ ಮೇಲೆ ನಡೆಯುತ್ತಿದ್ದೆ, ಅವರು ಮೇಲೆ ತೇಲುತ್ತಿದ್ದರು. ಮೊದಲು ಅವರ ಭುಜಕ್ಕೆ ಬರುತ್ತಿದ್ದವಳು ಈಗ ಎದೆಗೆ ಬಂದೆ. ಬಡಿಸುವಾಗ, ಮಾತಾಡುವಾಗ ನಾನು ತಲೆ ಎತ್ತಬೇಕು, ಅವರು ತಗ್ಗಿಸಬೇಕು. ನನ್ನ ಸಂತೋಷವನ್ನು ಅವರ ಮುಂದೆ ಎಷ್ಟು ತೋರಿಸಬಹುದು ಎಂದು ತಿಳಿಯದೆ, ಅವರು ಸ್ನಾನಕ್ಕೆ ಹೋದಾಗ ಮಾತ್ರ ನಾನು ಅಡುಗೆಮನೆಯಲ್ಲಿ ಕುಣಿಯುತ್ತಿದ್ದೆ.

"ನಿನ್ನ ಕಾಲು ಊರಿತು, ನನಗೆ ಹೊಟ್ಟೆಕಿಚ್ಚಿಲ್ಲ," ಎಂದರು ಒಂದು ಸಂಜೆ. "ಆದ್ರೆ ಒಂದು ಮಾತು. ಕ್ಯಾಬಿನ್‌ನಲ್ಲಿ ಕೂತು ತಗಡಿನ ಮೇಲೆ ಕಾಲಿಟ್ರೆ ನನಗೆ ನಮ್ಮ ಹಳೇ ರಸ್ತೆಯಲ್ಲೇ ಹೋಗ್ತಾ ಇದ್ದ ಹಾಗೆ ಆಗ್ತದೆ. ಬಲಕ್ಕೆ ಶಾಲೆ, ಎಡಕ್ಕೆ ಹಾಲಿನ ಡೇರಿ. ಎಲ್ಲಿಗೂ ಬರ್ಲೇ ಇಲ್ಲ ಅನಿಸ್ತದೆ."

"ವಾಪಸ್ಸು ಹೋಗ್ಬೇಕು ಅಂತ ಉಂಟಾ ನಿಮಗೆ?" ಎಂದು ಕೇಳಿದೆ. "ಇದ್ರೆ ಹೇಳಿ. ನೀವು ಹಡಗು ಹತ್ತಿದ್ರೆ ನಾನೂ ಹತ್ತುದೇ. ಕಾಲು ಊರಿದ್ರೂ ಊರದಿದ್ರೂ."

ಮರುದಿನ ನಾನು ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಅವರೇ ಬುಟ್ಟಿ ಹಿಡಿದು ಕ್ಯಾಬಿನ್‌ಗೆ ಮಣ್ಣು ಸುರಿಯುತ್ತಿದ್ದರು. ಬ್ರೇಕಿನ ಕೆಳಗೆ, ಕ್ಲಚ್ಚಿನ ಕೆಳಗೆ, ಎಲ್ಲ ಕಡೆ. ಈಗ ಅವರ ಅಂಗಾಲು ಒಂದು ಗೇಣಿಗಿಂತ ಕೆಳಗೆ ಇಳಿಯುವಂತಿರಲಿಲ್ಲ, ಪೆಡಲು ಪೂರ್ತಿ ಒತ್ತಲು ಆಗುತ್ತಿರಲಿಲ್ಲ. ಅದಕ್ಕೆ ಬಡಗಿಯ ಹತ್ತಿರ ಗಟ್ಟಿ ಮರದ ಪಾದುಕೆ ಮಾಡಿಸಿಕೊಂಡಿದ್ದರು. ಬಂದರಿನ ಬಯಲಲ್ಲಿ ಖಾಲಿ ಬಸ್ಸಿನಲ್ಲಿ ಅಭ್ಯಾಸ ಮಾಡಿದರು. ಕ್ಲಚ್ ಬಿಡುವಾಗಲೆಲ್ಲ ಬಸ್ಸು ಕರುವಿನ ಹಾಗೆ ನೆಗೆಯುತ್ತಿತ್ತು. ಎಲಿಮಜ್ಜಿ ಮೀನಿನ ಮುಂದೆ ಕೂತು ನಕ್ಕದ್ದೇ ನಕ್ಕದ್ದು. ನಾಲ್ಕು ದಿನ ಹೋದ ಮೇಲೆ ಕೈಕಾಲು ಹಿಡಿತಕ್ಕೆ ಬಂತು, ಮತ್ತೆ ಗುಡ್ಡ ಹತ್ತಿದೆವು.

ನಮ್ಮ ಎರಡು ವರ್ಷದ ಕೊನೆಯ ದಿನ ಬಂತು. ಬೆಳಿಗ್ಗೆ ತಾಮರ್ ಸಾಹೇಬರು ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ನನ್ನ ಅಂಗಾಲಿಗೆ ಬೆತ್ತ ತಗಲಿ ನಿಂತಿತು. ಅವರು ಮುಗುಳ್ನಕ್ಕು ಕೈ ಮುಗಿದರು. ಆಮೇಲೆ ಲೋಕಯ್ಯ ಪಾದುಕೆ ಬಿಚ್ಚಿದರು. ಬೆತ್ತ ಈ ಕಡೆಯಿಂದ ಹೋಗಿ ಆ ಕಡೆ ಬಂತು. ಸಾಹೇಬರು ಇನ್ನೊಮ್ಮೆ ಹಾಯಿಸಿದರು, ಸಾವಕಾಶವಾಗಿ, ಎಲ್ಲಿಯಾದರೂ ತಾಗಲಿ ಎಂಬಂತೆ.

"ಹಡಗು ನಾಳೆ ಬೆಳಿಗ್ಗೆ," ಎಂದರು. "ಸಂಜೆಯವರೆಗೆ ಹೊತ್ತುಂಟು. ನಾನು ಇವತ್ತು ನಿಮ್ಮ ಬಸ್ಸಿನಲ್ಲಿಯೇ ಇರ್ತೇನೆ." ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡಿ, ಎಲ್ಲರ ಹಾಗೆ ಅವರೂ ಹತ್ತಿದರು. ಅವರಿಗೆ ಅದು ಮೊದಲ ಸಲ.

ಬೆಳಿಗ್ಗೆಯಿಂದ ಎಷ್ಟು ಸಲ ಏರಿ ಇಳಿದೆವೋ, ಪ್ರತಿ ತುದಿಯಲ್ಲಿಯೂ ಅವರು ಬೆತ್ತ ಹಾಯಿಸಿದರು. ಬೆತ್ತ ಪ್ರತಿ ಸಲವೂ ಹಾದುಹೋಯಿತು. ಪ್ಯಾಸೆಂಜರುಗಳಿಗೆಲ್ಲ ಸಂಗತಿ ತಿಳಿದಿತ್ತು. ಇಳಿಯಬೇಕಾದವರು ಇಳಿಯಲಿಲ್ಲ, ಮತ್ತೆ ಮತ್ತೆ ಟಿಕೆಟ್ ಕೊಂಡರು. "ಈ ಡ್ರೈವರನ್ನು ಕಳಿಸಿದ್ರೆ ನನ್ನ ಅಕ್ಕನ ಮನೆಗೆ ನೀನು ಹೊತ್ಕೊಂಡು ಹೋಗ್ತೀಯಾ?" ಎಂದು ಎಲಿಮಜ್ಜಿ ಸಾಹೇಬರನ್ನು ಜೋರು ಮಾಡಿದರು. "ನನ್ನ ಕೈಯಲ್ಲಿಲ್ಲ ಅಜ್ಜಿ," ಎಂದರು ಅವರು. ಲೋಕಯ್ಯ ಓಡಿಸುತ್ತಲೇ ಇದ್ದರು. ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಪ್ರತಿ ಸ್ಟಾಪಿನಲ್ಲಿ ನನ್ನ ದನಿ ಮಾತ್ರ ಮೊದಲ ದಿನಕ್ಕಿಂತ ಜೋರಾಗಿ ಬರುತ್ತಿತ್ತು.

ಸಂಜೆ ಕೊನೆಯ ಟ್ರಿಪ್ಪು. ಮೇಲ್ಪೇಟೆಯಿಂದ ಇಳಿಯುತ್ತಿದ್ದೆವು. ಬಸ್ಸು ಕಿಕ್ಕಿರಿದಿತ್ತು, ಮಧ್ಯಾಹ್ನದ ಮಳೆಗೆ ರಸ್ತೆ ನುಣುಪಾಗಿತ್ತು. ಕಡಿದಾದ ತಿರುವು ದಾಟಿದರೆ ಎದುರಿಗೆ ದಾರಿ ಅಡ್ಡಗಟ್ಟಿ ಒಂದು ಎತ್ತಿನ ಗಾಡಿ. ಉಪ್ಪಿನ ಮೂಟೆಗಳು ಉರುಳಿ ಬಿದ್ದಿವೆ, ಗಾಡಿಯವನು ಅವನ್ನು ಎತ್ತುತ್ತಿದ್ದಾನೆ. ಪಕ್ಕದಲ್ಲಿ ಗೋಡೆಯಿಲ್ಲ, ಕೆಳಗೆ ಸಮುದ್ರ. "ಹೋಲ್ಡಾನ್, ನಿಲ್ಸಿ" ಎಂದು ನಾನು ಕೂಗಿದೆ. ಲೋಕಯ್ಯ ಬ್ರೇಕಿಗೆ ಒದ್ದರು. ಚಟ್ ಎಂದು ಒಂದು ಸದ್ದು ಬಂತು. ಪಾದುಕೆಯ ಬಾರು ಕಿತ್ತುಹೋಗಿ, ಮರದ ತುಂಡು ಪಕ್ಕಕ್ಕೆ ಉರುಳಿ ಬಿತ್ತು. ಒಂದು ಕ್ಷಣ ಬಸ್ಸು ತಡೆಯಿಲ್ಲದೆ ಹೋಯಿತು. ಎತ್ತಿನ ಕಣ್ಣು ದೊಡ್ಡದಾಗುತ್ತ ಬಂದದ್ದು ನನಗೆ ಕಾಣುತ್ತಿತ್ತು.

ಆಮೇಲೆ ಬಸ್ಸು ನಿಂತಿತು. ಜನರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಎದ್ದರು. ಗಾಡಿಯ ಪಕ್ಕದ ಹಲಗೆಗೂ ನಮ್ಮ ಗಾಜಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಎತ್ತು ತಲೆ ಕೊಡವಿತು. ಲೋಕಯ್ಯ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಮೈಯನ್ನೆಲ್ಲ ಬಲಗಾಲಿಗೆ ಹಾಕಿ ಅರ್ಧ ಎದ್ದು ನಿಂತಿದ್ದರು. ಪಾದುಕೆಯಿಲ್ಲದ ಬರಿಗಾಲು. ಬ್ರೇಕು ತಳ ಮುಟ್ಟಿತ್ತು.

ತಾಮರ್ ಸಾಹೇಬರು ಎಲ್ಲರಿಗಿಂತ ಮೊದಲು ಅದನ್ನು ಕಂಡರು. ಮುಖ ಬೆಳ್ಳಗಾಗಿದ್ದರೂ ಬೆತ್ತ ಹಿಡಿದು ಮುಂದೆ ಬಂದರು. "ಕಾಲು ತೋರಿಸಿ," ಎಂದರು.

"ಈಗ ಕಾಲು ತೆಗೆದ್ರೆ ಎಲ್ರೂ ಸಮುದ್ರಕ್ಕೆ ಹೋಗ್ತೇವೆ ಸಾಹೇಬ್ರೆ," ಎಂದರು ಲೋಕಯ್ಯ. "ನೀವೇ ಬಗ್ಗಿ ನೋಡಿ."

ಸಾಹೇಬರು ಮಂಡಿಯೂರಿ ಕೂತು ಪೆಡಲುಗಳ ನಡುವೆ ತಲೆ ಹಾಕಿದರು. ಬೆತ್ತ ಹಾಯಿಸಲು ನೋಡಿದರು. ಅದು ಹಿಮ್ಮಡಿಗೆ ತಗಲಿ ನಿಂತಿತು. ಸ್ವಲ್ಪ ಒತ್ತಿದರು, ಬೆತ್ತ ಬಾಗಿತು, ಹೋಗಲಿಲ್ಲ. ಹಿಮ್ಮಡಿಯ ಸುತ್ತ ಮಣ್ಣು ಒತ್ತಿ ಮೇಲೆದ್ದಿತ್ತು. ಎಡಗಾಲಿನ ಪಾದುಕೆಯನ್ನು ಅವರೇ ಬಿಚ್ಚಿದರು. ಆ ಕಾಲೂ ಹಾಗೆಯೇ ಮಣ್ಣಿನ ಮೇಲೆ ಕೂತಿತು. ಎದ್ದು ನಿಂತು ಏನೋ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಎಲಿಮಜ್ಜಿ, "ತಗಲಿತಾ ಇಲ್ವಾ, ಅಷ್ಟು ಹೇಳು," ಎಂದರು.

"ತಗಲಿತು," ಎಂದರು ಸಾಹೇಬರು.

ಬಸ್ಸಿನೊಳಗೆ ಎದ್ದ ಸದ್ದಿಗೆ ಎತ್ತುಗಳು ಗಾಡಿ ಎಳೆದುಕೊಂಡು ತಾವಾಗಿಯೇ ಪಕ್ಕಕ್ಕೆ ಹೋದವು. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ. ಲೋಕಯ್ಯ ಹ್ಯಾಂಡ್‌ಬ್ರೇಕ್ ಎಳೆದು ನನ್ನ ಕಡೆ ತಿರುಗಿದರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಅವರಿಗೇ ಗೊತ್ತಿರಲಿಲ್ಲ. "ತಂಪು ಉಂಟು ಸುಗಂಧಿ," ಎಂದರು. "ಮಣ್ಣು ತಂಪು ಉಂಟು."

ಸ್ಟ್ಯಾಂಡಿನಲ್ಲಿ ಜನ ಇಳಿದು ಹೋದ ಮೇಲೆ ಅವರು ಚಪ್ಪಲಿ ಹಾಕಲು ಒಪ್ಪಲಿಲ್ಲ. ಬರಿಗಾಲಿನಲ್ಲಿಯೇ ಮನೆಗೆ ಹೊರಟರು. ಬೀದಿಯ ಕಲ್ಲು ಬಿಟ್ಟು ಬೇಕೆಂದೇ ಬದಿಯ ಕೆಸರಿನಲ್ಲಿ ನಡೆದರು. ಎರಡು ವರ್ಷ ನೆಲ ಕಾಣದ ಅಂಗಾಲು, ಒಂದು ಕಲ್ಲು ಚುಚ್ಚಿದರೆ ಸಾಕು, ಹಾ ಎನ್ನುವರು, ಮತ್ತೆ ಮುಂದೆ ಹೋಗುವರು. ಒಂದು ಹೊಂಡದ ನೀರಿಗೆ ಎರಡೂ ಕಾಲಿಟ್ಟು ಸುಮ್ಮನೆ ನಿಂತರು. ಎದುರು ಮನೆಯವರು ಕಿಟಕಿಯಿಂದ ನೋಡಿ ನಕ್ಕರು. ನಾನೂ ನಕ್ಕೆ. ನಾವಿಬ್ಬರೂ ಈಗ ಮೊದಲಿನ ಹಾಗೆ, ನಾನು ಅವರ ಭುಜದಷ್ಟೇ ಎತ್ತರ.

ಮನೆಯ ಬಾಗಿಲು ತೆರೆದು ನಾನು ದೀಪ ಹಚ್ಚಿದೆ. ಅವರು ಸಂಭ್ರಮದಿಂದ ಒಂದೇ ಹೆಜ್ಜೆಗೆ ಒಳಗೆ ಬಂದರು. ಬೆಳಿಗ್ಗೆ ಒರೆಸಿದ ನೆಲದ ಮೇಲೆ ಕೆಂಪು ಕೆಸರಿನ ಎರಡು ದೊಡ್ಡ ಪಾದ ಮೂಡಿತು.

"ಹೋಯ್, ಅಲ್ಲೇ ನಿಲ್ಲಿ," ಎಂದೆ. "ಕಾಲು ತೊಳ್ಕೊಂಡು ಬನ್ನಿ."